ಹಿಸ್ಟೋನು ಮತ್ತು ಅಜ್ಜಿಯ ಸೊಂಟದ ಕೀಲಿ

ಸಸ್ಯಶಾಸ್ತ್ರ ಪಾಠ ಮಾಡುವವರ ಬದುಕಿನಲ್ಲಿ ನಗುವಂಥದ್ದು ಏನು ನಡೆದೀತು ಎಂದು ಕೇಳುವವರಿದ್ದಾರೆ. ನಡೆಯುತ್ತಲೇ ಇರುತ್ತದೆ. ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು ಬಗ್ಗಿ ನಿಂತಿರುವಾಗ ಅದೇ ಬಂದು ನಮ್ಮ ಬೆನ್ನ ಹಿಂದೆ ನಿಂತಿರುತ್ತದೆ.

ನಾನು ಹುಟ್ಟಿದ್ದು ಕುಮಟೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಸಮುದ್ರದ ಸದ್ದು ಕೇಳಿಸುವ ಮನೆಯಲ್ಲಿ. ತೊಂಬತ್ತರ ದಶಕದ ಮೊದಲಲ್ಲಿ ಚಿತ್ರದುರ್ಗದ ಒಂದು ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದೆ. ಎರಡು ವರ್ಷ ಇದ್ದು ವರ್ಗ ಮಾಡಿಸಿಕೊಂಡು ಹೋದರಾಯಿತು ಎಂದುಕೊಂಡಿದ್ದವಳು ಹೋಗಲೇ ಇಲ್ಲ. ನಿವೃತ್ತಿಯಾಗಿ, ಕೂದಲು ಪೂರ್ತಿ ಬೆಳ್ಳಗಾಗಿ, ಇನ್ನೂ ಇಲ್ಲೇ ಇದ್ದೇನೆ. ಊರಿನಿಂದ ಬರುವ ನೆಂಟರು ಅಲ್ಲಿ ಅಂಥದ್ದೇನಿದೆ ಎಂದು ಕೇಳುತ್ತಾರೆ. ಬಂಡೆಯಿದೆ, ಗಾಳಿಯಿದೆ, ಈರುಳ್ಳಿಯಿದೆ ಎನ್ನುತ್ತೇನೆ. ಅವರು ಮುಂದೆ ಕೇಳುವುದಿಲ್ಲ.

ಇಲ್ಲಿ ಹೇಳುವ ಪ್ರಸಂಗಗಳೆಲ್ಲ ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುವುದು ಒಬ್ಬ ಹುಡುಗಿಯ ಮುಂದೆ. ತುರುವನೂರಿನವಳು, ನನ್ನ ವಿದ್ಯಾರ್ಥಿನಿ. ಅವಳು ಎಂ.ಎಸ್ಸಿ.ಗೆ ಹೋಗುವುದೋ, ಹೊಳಲ್ಕೆರೆಯಿಂದ ಬಂದ ಸಂಬಂಧಕ್ಕೆ ಒಪ್ಪುವುದೋ ಎಂಬುದು, ಜೀವಕೋಶದೊಳಗಿನ ಹಿಸ್ಟೋನ್ ಜೀನುಗಳು ಯಾವಾಗ ಕೆಲಸ ಶುರು ಮಾಡುತ್ತವೆ ಎಂಬ ಪ್ರಶ್ನೆಯ ಮೇಲೆ ನಿಂತಿತ್ತು. ಹೀಗೆ ಒಮ್ಮೆಲೇ ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

೧. ಬೇರು ಬರುವ ಈರುಳ್ಳಿ

ನಮ್ಮ ತವರಿನಲ್ಲಿ ಈರುಳ್ಳಿ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಅಂಥ ಮನೆಯಿಂದ ಬಂದವಳು ಇಡೀ ನೌಕರಿಯನ್ನು ಈರುಳ್ಳಿಯ ಮೇಲೆ ಮಾಡಿ ಮುಗಿಸಿದೆ. ಒಂದು ಜೀವಕೋಶ ಎರಡಾಗುವುದನ್ನು ಮಕ್ಕಳಿಗೆ ತೋರಿಸಲು ಈರುಳ್ಳಿ ಬೇರಿನ ತುದಿಯಷ್ಟು ಸುಲಭದ್ದು ಇನ್ನೊಂದಿಲ್ಲ. ಗಡ್ಡೆಯ ಬುಡ ನೀರಿಗೆ ತಾಗುವಂತೆ ಸೀಸೆಯ ಬಾಯಿಯ ಮೇಲೆ ಕೂರಿಸಿದರೆ ಮೂರು ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತವೆ. ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ನೋಡಬಹುದು.

ಬಂದ ಹೊಸತರಲ್ಲಿ ಸಂತೆಹೊಂಡದ ಹತ್ತಿರ ಒಬ್ಬ ಈರುಳ್ಳಿ ವ್ಯಾಪಾರಿಯ ಮುಂದೆ ಹೋಗಿ ನಿಂತೆ. ಬೇಗ ಬೇರು ಬರುವಂಥ ಈರುಳ್ಳಿ ಇದೆಯೇ ಎಂದು ಕೇಳಿದೆ. ಅವನ ಮುಖ ಕಪ್ಪಾಯಿತು. ಆರು ತಿಂಗಳು ಮೂಲೆಯಲ್ಲಿ ಬಿಸಾಕಿದರೂ ತನ್ನ ಈರುಳ್ಳಿ ಬೇರು ಬಿಡುವುದಿಲ್ಲ, ಬಿಟ್ಟರೆ ತಂದು ತನ್ನ ಮುಖಕ್ಕೆ ಹೊಡೆಯಬಹುದು ಎಂದ. ಹಾಗಲ್ಲ, ನನಗೆ ಬೇರು ಬಿಡುವುದೇ ಬೇಕು ಎಂದೆ. ಪಕ್ಕದಂಗಡಿಯವನು ಕಿಸಕ್ಕನೆ ನಕ್ಕ. ಇವನು ಅವನ ಕಡೆ ತಿರುಗಿ, ಈ ಹೆಂಗಸನ್ನು ನೀನೇ ಕಳಿಸಿದ್ದಾ ಎಂದು ಶುರು ಮಾಡಿದ. ಯಾರ ಗೋಡೌನಿನಲ್ಲಿ ಬೇರು ಬಂದಿದೆ ಎಂದು ಊರಿಗೆಲ್ಲ ಗೊತ್ತು ಎಂದು ಅವನು ಉತ್ತರ ಕೊಟ್ಟ. ಎರಡು ಅಂಗಡಿಯ ನಡುವೆ ನಾನು ಕೈಚೀಲ ಹಿಡಿದುಕೊಂಡು ನಿಂತಿದ್ದೆ.

ಹಿಂದೆ ಕೂತು ಹಾಳು ಈರುಳ್ಳಿ ಆರಿಸುತ್ತಿದ್ದ ಮೊದಲಿನವನ ಹೆಂಡತಿ ನನ್ನನ್ನು ಕರೆದು, ಬೇರು ತಗೊಂಡು ಏನು ಮಾಡುತ್ತೀರಿ ಎಂದು ಸಮಾಧಾನದಿಂದ ವಿಚಾರಿಸಿದಳು. ಕತ್ತರಿಸುತ್ತೇನೆ ಎಂದೆ. ಆಮೇಲೆ? ನೋಡುತ್ತೇನೆ. ಈರುಳ್ಳೀನ? ಬಿಸಾಕುತ್ತೇನೆ. ಆಕೆ ನನ್ನ ಮುಖ ನೋಡಿ, ಆರಿಸಿ ಬಿಸಾಕಿದ್ದ ರಾಶಿಯಿಂದ ಒಂದು ಚೀಲ ತುಂಬಿ ಕೊಟ್ಟು, ದುಡ್ಡು ಬೇಡ ಎಂದಳು.

ಎರಡು ದಿನ ಕಳೆದ ಮೇಲೆ ಕಾಲೇಜಿನ ಗೇಟಿನಲ್ಲಿ ನನಗಾಗಿ ಒಂದು ಬುಟ್ಟಿ ಕಾದಿತ್ತು. ಒಳ್ಳೆಯ, ಗರಿಗರಿ ಒಣಗಿದ ಈರುಳ್ಳಿ. ಆಕೆ ವಾಚ್‌ಮನ್ ಹತ್ತಿರ ಹೇಳಿ ಹೋಗಿದ್ದಳಂತೆ: "ಮೇಡಮ್ಮಾರು ದೂರದೋರು ಕಣಪ್ಪ. ಈರುಳ್ಳೀಲಿ ತಿನ್ನೋದು ಯಾವುದು ಅಂತ ಪಾಪ ಯಾರೂ ಹೇಳಿಕೊಟ್ಟಿಲ್ಲ."

೨. ಬಾಣಂತಿ ಕೋಣೆ

ನಮ್ಮ ಪ್ರಯೋಗಾಲಯದ ಅಟೆಂಡರು ಹಿರಿಯೂರು ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ, ಆಡಿದರೆ ತಳ್ಳಿಹಾಕುವಂತಿಲ್ಲ. ಬೇರಿನ ತುದಿಯಲ್ಲಿ ಜೀವಕೋಶಗಳು ಹೆಚ್ಚಾಗಿ ಎರಡಾಗುವುದು ಬೆಳಗಿನ ಒಂಬತ್ತು ಹತ್ತರ ಹೊತ್ತಿಗೆ, ಆಗಲೇ ಕತ್ತರಿಸಬೇಕು ಎಂದು ಅವರಿಗೆ ಒಮ್ಮೆ ಹೇಳಿದ್ದೆ. ಅವರು ಅದನ್ನು ಮುಹೂರ್ತದಂತೆ ಪಾಲಿಸುತ್ತಿದ್ದರು. ಆ ಒಂದು ಗಂಟೆ ಪ್ರಯೋಗಾಲಯದಲ್ಲಿ ಯಾರೂ ಸ್ಟೂಲು ಎಳೆದು ಸದ್ದು ಮಾಡುವಂತಿರಲಿಲ್ಲ.

ಒಂದು ಸಲ ಕಾಲೇಜಿನ ತಪಾಸಣೆಗೆಂದು ಐದು ಜನರ ಸಮಿತಿ ಬಂತು. ಸರಿಯಾಗಿ ಒಂಬತ್ತೂವರೆಗೆ ಪ್ರಾಂಶುಪಾಲರು ಅವರನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಬಾಗಿಲಲ್ಲಿ ನಮ್ಮ ಅಟೆಂಡರು ಬಕೆಟ್ಟು ಚೊಂಬು ಹಿಡಿದು ನಿಂತಿದ್ದರು.

"ಕಾಲು ತೊಳ್ಕಂಡು ಬರ್ರಿ," ಎಂದರು.

ಪ್ರಾಂಶುಪಾಲರು ಕಣ್ಣು ಬಿಟ್ಟು ನೋಡಿದರು. ಅಟೆಂಡರು ಅಲ್ಲಾಡಲಿಲ್ಲ. "ಒಳಗೆ ಒಂದೊಂದು ಕೋಶಾನೂ ಎರಡೆರಡು ಆಗ್ತಾ ಅವೆ ಸಾರ್. ಬಾಣಂತಿ ಕೋಣೆ ಇದ್ದಂಗೆ. ಹೊರಗಿಂದ ಬಂದೋರು ಹಂಗೇ ನುಗ್ಗಂಗಿಲ್ಲ."

ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯರು ಬಗ್ಗಿ ಬೂಟು ಬಿಚ್ಚಿದರು. ಅವರ ಕಾಲುಚೀಲದ ಹೆಬ್ಬೆರಳಿನ ಕಡೆ ದೊಡ್ಡ ತೂತಿತ್ತು. ಅವರೇ ಬಿಚ್ಚಿದ ಮೇಲೆ ಉಳಿದವರು ಬಿಡುವುದು ಹೇಗೆ? ಐವರೂ, ಜೊತೆಗೆ ಪ್ರಾಂಶುಪಾಲರೂ, ಪ್ಯಾಂಟು ಮಡಚಿ ಕಾಲು ತೊಳೆದು ಬೆರಳ ತುದಿಯಲ್ಲಿ ನಡೆದು ಒಳಗೆ ಬಂದರು. ಪಿಸುಮಾತಿನಲ್ಲಿ ಪ್ರಶ್ನೆ ಕೇಳಿದರು. ನಾನೂ ಪಿಸುಮಾತಿನಲ್ಲಿ ಉತ್ತರ ಕೊಟ್ಟೆ. ಹನ್ನೆರಡು ಸೂಕ್ಷ್ಮದರ್ಶಕ ಇರಬೇಕಾದ ಕಡೆ ನಾಲ್ಕೇ ಇದ್ದದ್ದನ್ನು ಯಾರೂ ಎಣಿಸಲಿಲ್ಲ. ಎಲ್ಲರೂ ಒದ್ದೆ ಕಾಲಿನಲ್ಲಿ ಸಿಮೆಂಟು ನೆಲದ ಮೇಲೆ ಜಾರದಿರುವುದರಲ್ಲಿ ಮಗ್ನರಾಗಿದ್ದರು.

ವರದಿಯಲ್ಲಿ ಸಸ್ಯಶಾಸ್ತ್ರ ವಿಭಾಗದ ಶುಚಿತ್ವವನ್ನು ಮೆಚ್ಚಿ ಬರೆದಿದ್ದರು. ಮುಂದಿನ ಸಲ ಸಮಿತಿ ಬಂದಾಗ ರಸಾಯನಶಾಸ್ತ್ರದವರೂ ಬಾಗಿಲಲ್ಲಿ ಬಕೆಟ್ಟು ಇಟ್ಟರು. ನಮ್ಮಲ್ಲಿ ಕಾಲು ತೊಳೆದು ಅಲ್ಲಿಗೆ ಹೋದವರು ಇಲ್ಲೇನು ಹೆರಿಗೆ ಎಂದು ಕೇಳಿದಾಗ ಅವರು ಮೆಲ್ಲಗೆ ಬಕೆಟ್ಟನ್ನು ಬಾಗಿಲ ಹಿಂದಕ್ಕೆ ಸರಿಸಿದರು.

೩. ಹೋಳಿಗೆ

ಇನ್ನು ಹಿಸ್ಟೋನಿನ ವಿಷಯ. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ದಾರವಿದೆ. ಒಂದು ಕೋಶದ ದಾರವನ್ನು ಬಿಡಿಸಿ ಎಳೆದರೆ ಮನುಷ್ಯನಿಗಿಂತ ಉದ್ದ. ಅಷ್ಟು ಉದ್ದದ ದಾರ ಕಣ್ಣಿಗೆ ಕಾಣದ ಕೋಶದೊಳಗೆ ಸಿಕ್ಕಾಗದೆ ಕೂತಿರುವುದು ಉಂಡೆಗಳಿಗೆ ಸುತ್ತಿಕೊಂಡಿರುವುದರಿಂದ. ಆ ಉಂಡೆಗಳೇ ಹಿಸ್ಟೋನ್ ಎಂಬ ಪ್ರೋಟೀನುಗಳು. ಕೋಶ ಎರಡಾಗುವ ಮೊದಲು ದಾರದ ಇನ್ನೊಂದು ಪ್ರತಿ ತಯಾರಾಗುತ್ತದೆ. ಆ ಅವಧಿಗೆ ಎಸ್ ಫೇಸ್ ಎಂದು ಹೆಸರು. ದಾರ ಎರಡರಷ್ಟಾದರೆ ಉಂಡೆಯೂ ಎರಡರಷ್ಟು ಬೇಕು. ಚಮತ್ಕಾರ ಇರುವುದು ಇಲ್ಲಿ. ಬೇರೆ ಹೊತ್ತಿನಲ್ಲಿ ಹೆಚ್ಚುಕಡಿಮೆ ಸುಮ್ಮನಿರುವ ಹಿಸ್ಟೋನ್ ಜೀನುಗಳು ಎಸ್ ಫೇಸ್ ಬಂತೆಂದರೆ ಎಲ್ಲವೂ ಒಟ್ಟಿಗೆ ಎದ್ದು ಕೆಲಸಕ್ಕೆ ಇಳಿಯುತ್ತವೆ. ದಾರ ಮುಗಿದ ಕೂಡಲೇ ಸುಮ್ಮನಾಗುತ್ತವೆ. ಉಂಡೆ ಕಡಿಮೆಯಾದರೆ ದಾರ ಸಿಕ್ಕು, ಹೆಚ್ಚಾದರೆ ಕೋಶಕ್ಕೆ ವಿಷ.

ಇದನ್ನು ಮಧ್ಯಾಹ್ನ ಊಟದ ನಂತರದ ಪೀರಿಯಡ್ಡಿನಲ್ಲಿ ಹೇಳುತ್ತಿದ್ದೆ. ಅರ್ಧ ತರಗತಿ ತೂಕಡಿಸುತ್ತಿತ್ತು. ಎಚ್ಚರಿಸಲೆಂದು, ಹೋಳಿಗೆ ಮಾಡುವಾಗ ಕಣಕ ಎಷ್ಟೋ ಹೂರಣವೂ ಅಷ್ಟೇ ಸಿದ್ಧವಾಗಬೇಕಲ್ಲ, ಹಾಗೆ ಎಂದೆ. ಎಲ್ಲರೂ ಎದ್ದು ಕುಳಿತರು. ಹೊಸದುರ್ಗದ ಹುಡುಗನೊಬ್ಬ ಕಾಯಿ ಹೂರಣವೋ ಬೇಳೆ ಹೂರಣವೋ ಎಂದು ಕೇಳಿದ. ಯಾವುದಾದರೇನು ಎಂದುಬಿಟ್ಟೆ. ಅದು ನನ್ನ ತಪ್ಪು. ತೆಂಗಿನ ತೋಟದ ಹೊಸದುರ್ಗದವರೆಲ್ಲ ಒಂದು ಕಡೆಯಾದರು, ಕಾಯಿ ಬಿಟ್ಟರೆ ಹೋಳಿಗೆಯೇ ಅಲ್ಲ ಎಂದರು. ದುರ್ಗದವರು ಬೇಳೆಯ ಪರವಾಗಿ ಎದ್ದು ನಿಂತರು. ಗಂಟೆ ಹೊಡೆದಾಗ ಚರ್ಚೆ ತುಪ್ಪವೋ ಹಾಲೋ ಎಂಬಲ್ಲಿಗೆ ಬಂದಿತ್ತು.

ಮುಂದಿನ ವಾರ ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟೆ, ಹತ್ತು ಅಂಕಕ್ಕೆ. ಹೊಳಲ್ಕೆರೆಯ ಒಬ್ಬ ಹುಡುಗ ಒಂದೂವರೆ ಪುಟ ಬರೆದಿದ್ದ. ಅವನಷ್ಟು ದುಂಡಗಿನ ಅಕ್ಷರ ನಾನು ಕಂಡಿಲ್ಲ. 'ಮೊದಲು ಕಣಕವನ್ನು ನಾದಿ ಎರಡು ಗಂಟೆ ನೆನೆಯಲು ಬಿಡುವುದು. ಈ ಎರಡು ಗಂಟೆಗೆ ಎಸ್ ಫೇಸ್ ಎನ್ನುವರು. ಇದೇ ಸಮಯದಲ್ಲಿ ಇನ್ನೊಂದು ಒಲೆಯ ಮೇಲೆ ಹೂರಣವನ್ನು ತಯಾರಿಸತಕ್ಕದ್ದು. ಹೂರಣ ಮುಗಿದು ಕಣಕ ಉಳಿದರೆ ಜೀವಕೋಶವು ಚಪಾತಿ ಮಾಡಿಕೊಳ್ಳುವುದು.' ಕೊನೆಯ ಸಾಲು, 'ತುಪ್ಪದೊಂದಿಗೆ ಬಡಿಸುವುದು.'

ಆ ಕಾಗದ ಸ್ಟಾಫ್ ರೂಮಿನಲ್ಲಿ ಎಲ್ಲರ ಕೈ ದಾಟಿ ಅಟೆಂಡರ ಕೈಗೂ ಹೋಗಿ ಬಂತು. ಕೊನೆಗೆ ಅರ್ಧ ಅಂಕ ಕೊಟ್ಟೆ. ಹುಡುಗ ಬಂದು ಬಹಳ ವಿನಯದಿಂದ, ಅರ್ಧ ಮಾರ್ಕು ಯಾವುದಕ್ಕೆ ಬಂತು ಮೇಡಂ ಎಂದು ಕೇಳಿದ. ಎಸ್ ಫೇಸ್ ಎಂಬ ಹೆಸರು ಬರೆದದ್ದಕ್ಕೆ ಎಂದೆ. ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ತುಪ್ಪಕ್ಕೆ ಏನೂ ಇಲ್ವ?" ಎಂದ.

ಆ ವರ್ಷ ಅವನು ನನ್ನ ವಿಷಯದಲ್ಲಿ ಫೇಲಾಗಿ, ಓದು ಬಿಟ್ಟು ಹೊಳಲ್ಕೆರೆಗೆ ಹೋಗಿ ತಂದೆಯ ಅಂಗಡಿಯಲ್ಲಿ ಕೂತ ಎಂದು ಕೇಳಿದೆ.

೪. ಮನೇಲಿ ಕೇಳಿ ಹೇಳ್ತೀನಿ

ಇದಾಗಿ ಮೂರು ನಾಲ್ಕು ವರ್ಷಕ್ಕೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ತುರುವನೂರಿನ ಹುಡುಗಿ ಬಂದಳು. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಹೋಳಿಗೆಯ ಪಾಠದಲ್ಲಿ ಹೋಳಿಗೆಯ ಬಗ್ಗೆ ಪ್ರಶ್ನೆ ಕೇಳದ ಮೊದಲ ವಿದ್ಯಾರ್ಥಿ ಅವಳು. ಜೀನುಗಳು ಒಟ್ಟಿಗೆ ಏಳುತ್ತವೆ ಎಂದಿರಲ್ಲ, ಏಳಿ ಅಂತ ಅವಕ್ಕೆ ಹೇಳೋರು ಯಾರು ಮೇಡಂ ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಆಗ ಪೂರ್ತಿ ಉತ್ತರವಿರಲಿಲ್ಲ. ಬೆಂಗಳೂರಿನ ಗೆಳತಿಗೆ ಬರೆದು ಹೊಸ ಪ್ರಬಂಧಗಳ ಜೆರಾಕ್ಸ್ ತರಿಸಿದೆ. ಇಬ್ಬರೂ ಕೂತು ಓದಿದೆವು. ಆ ವರ್ಷದ ಕೊನೆಗೆ ಅವಳಿಗೆ ಎಂ.ಎಸ್ಸಿ. ಬಿಟ್ಟು ಬೇರೇನೂ ಬೇಡವಾಗಿತ್ತು.

ಅರ್ಜಿ ಹಾಕುವ ಕಾಲ ಬಂದಾಗ ಹುಡುಗಿ ಮಂಕಾದಳು. ಕೇಳಿದರೆ ಅಪ್ಪನನ್ನು ಕರೆದುಕೊಂಡು ಬಂದಳು. ಈರುಳ್ಳಿ ಬೆಳೆಯುವ ರೈತ, ಗಟ್ಟಿ ಆಳು, ಹೆಗಲ ಮೇಲೆ ಟವಲು. ಕುರ್ಚಿಯ ಅಂಚಿನಲ್ಲಿ ಕೂತರು. ಹೊಳಲ್ಕೆರೆಯಿಂದ ಒಂದು ಸಂಬಂಧ ಬಂದಿದೆ, ಹುಡುಗನಿಗೆ ಸ್ವಂತ ಅಂಗಡಿಯಿದೆ, ಹುಡುಗನ ತಾಯಿ ಬರುವ ಭಾನುವಾರ ಮಾತು ಕೇಳಲು ಬರುತ್ತಾರೆ ಎಂದರು. ಅರ್ಜಿಯ ಕೊನೆಯ ದಿನ ಬುಧವಾರ ಎಂದು ನಾನು ಹೇಳಿದೆ. ಮಗಳ ಅಂಕಪಟ್ಟಿಗಳೆಲ್ಲ ಇಲಿ ಕಡಿಯಬಾರದೆಂದು ಮನೆಯಲ್ಲಿ ಖಾಲಿ ಗೋಣಿಚೀಲ ಇಡುವ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ ಇವೆ, ಆ ಕೋಣೆಯ ಕೀಲಿ ತನ್ನ ತಾಯಿಯ ಸೊಂಟದಲ್ಲಿದೆ ಎಂದರು. ಕೊಡಿಸುತ್ತೀರಾ ಎಂದೆ.

"ಮನೇಲಿ ಕೇಳಿ ಹೇಳ್ತೀನಿ," ಎಂದರು.

ಹುಡುಗಿ ಜಾಣೆ, ಎಂ.ಎಸ್ಸಿ. ಓದಿಸಿದರೆ ಒಳ್ಳೆಯದಾಗುತ್ತದೆ ಎಂದೆ. ಅದನ್ನೂ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು.

"ಹದಿನೈದು ವರ್ಷ ಓದ್ಸೀನಿ ಮೇಡಮ್ಮಾರೆ. ಏನು ಓದ್ತಾಳೆ ಅಂತ ಒಂದಿನಾನೂ ನಂಗೆ ತಿಳೀಲಿಲ್ಲ. ಏನು ಬಿತ್ತಿದೀನಿ ಅಂತ ಗೊತ್ತಿಲ್ದೆ ಹೊಲಕ್ಕೆ ನೀರು ಹಾಯ್ಸಾದು ಹೆಂಗೆ? ಭಾನುವಾರ ನನ್ ಮುಂದೆ ಕುಂತು ಹೇಳ್ಲಿ. ನಂಗೆ ತಿಳಿದ್ರೆ ಕಳಿಸ್ತೀನಿ. ತಿಳೀದಿದ್ರೆ ಹೊಳಲ್ಕೆರೆಯೋರಿಗೆ ಮಾತು ಕೊಡ್ತೀನಿ."

ಷರತ್ತು ನನಗೆ ನ್ಯಾಯವಾಗಿಯೇ ಕಂಡಿತು. ಭಾನುವಾರ ನಾನೂ ಬರಲೇ ಎಂದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಅಷ್ಟರಲ್ಲಿ ಅಟೆಂಡರು ಟೀ ತಂದಿಟ್ಟರು. ಅದನ್ನೊಂದು ಮಾತ್ರ ಅವರು ಯಾರನ್ನೂ ಕೇಳದೆ ಒಂದೇ ಗುಟುಕಿಗೆ ಕುಡಿದು, ಲೋಟ ಕೆಳಗಿಟ್ಟು, ಮಗಳ ಕಡೆ ತಿರುಗಿ ಮೆಲ್ಲಗೆ, "ಸಕ್ಕರೆ ಹಾಕಿತ್ತು ಅಂತ ಮನೇಲಿ ಹೇಳ್ಬ್ಯಾಡ," ಎಂದರು.

೫. ಡಬ್ಬಿಯ ಹೆಸರು

ಶನಿವಾರ ಪ್ರಯೋಗಾಲಯದಲ್ಲಿ ತಾಲೀಮು ಇಟ್ಟುಕೊಂಡೆವು. ಅಪ್ಪನ ಜಾಗದಲ್ಲಿ ಅಟೆಂಡರನ್ನು ಕೂರಿಸಿ ಹೆಗಲ ಮೇಲೆ ಟವಲು ಹಾಕಿದೆವು.

ಹುಡುಗಿ ಓದಿದ್ದನ್ನು ಚೊಕ್ಕವಾಗಿ ಒಪ್ಪಿಸಿದಳು. ಕೋಶದಲ್ಲಿ ಕೈನೇಸ್ ಎಂಬ ಪ್ರೋಟೀನಿದೆ, ಅದು ಯಾವಾಗಲೂ ಇರುತ್ತದೆ, ಆದರೆ ಒಂಟಿಯಾಗಿ ಕೆಲಸ ಮಾಡದು. ಹೊತ್ತು ಬಂದಾಗ ಸೈಕ್ಲಿನ್ ಎಂಬ ಇನ್ನೊಂದು ಹುಟ್ಟಿ ಬಂದು ಅದರ ಜೊತೆ ಸೇರುತ್ತದೆ. ಎರಡೂ ಸೇರಿ ಎನ್‌ಪ್ಯಾಟ್ ಎಂಬ ಮೂರನೆಯದರ ಮೈಮೇಲೆ ಫಾಸ್ಫೇಟಿನ ಗುರುತು ಹಾಕುತ್ತವೆ. ಗುರುತು ಬಿದ್ದ ಎನ್‌ಪ್ಯಾಟ್ ಹಿಸ್ಟೋನ್ ಜೀನುಗಳನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತದೆ. ಸೈಕ್ಲಿನ್ ತನ್ನ ಕೆಲಸ ಮುಗಿಸಿ ಇಲ್ಲವಾಗುತ್ತದೆ. ಒಂದು ತಪ್ಪಿಲ್ಲ. ನಾನು ಹಿಗ್ಗಿದೆ.

ಅಟೆಂಡರು ಟವಲಿನಿಂದ ಮುಖ ಒರೆಸಿಕೊಂಡರು. "ಚೆನ್ನಾಗೈತೆ. ಆದ್ರೆ ಕೈನೇಸು, ಸೈಕ್ಲಿನ್ನು, ಎನ್‌ಪ್ಯಾಟು ಅಂದ್ರೆ ಎಲ್ಲಾ ಗೊಬ್ಬರದಂಗಡಿ ಡಬ್ಬಿ ಹೆಸರಿದ್ದಂಗೈತೆ. ಅಲ್ಲಿ ಕುಂತಿರೋರು ಎಕರೆಗೆ ಎಷ್ಟು ಹೊಡೀಬೇಕು ಅಂತ ಕೇಳ್ತಾರೆ."

ನನಗೆ ಸಿಟ್ಟು ಬಂತು. ಹುಡುಗಿಗೆ ಬರಲಿಲ್ಲ. ಜೆರಾಕ್ಸ್ ಹಾಳೆಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಹಾಗಾದರೆ ಹೋಳಿಗೆಯನ್ನೇ ಹೇಳಲಾ ಎಂದು ಕೇಳಿದಳು. ಬೇಡ ತಾಯಿ, ಅದೊಂದನ್ನು ಬಿಟ್ಟು ಏನಾದರೂ ಹೇಳು ಎಂದು ಕೈಮುಗಿದೆ.

೬. ಚೀಲದ ಕೋಣೆ

ಭಾನುವಾರ ಬೆಳಗ್ಗೆ ನಾನು ಮತ್ತು ಅಟೆಂಡರು ತುರುವನೂರಿನ ಬಸ್ಸು ಹತ್ತಿದೆವು. ನಾನು ಬರುವುದಕ್ಕೆ ಮನೆಯಲ್ಲಿ ಕೇಳಿ ಒಪ್ಪಿಗೆ ಸಿಕ್ಕಿತ್ತು. ಅಟೆಂಡರು ಬರಿಗೈಯಲ್ಲಿ ಹೋಗಬಾರದೆಂದು, ಸೀಸೆಯ ಮೇಲೆ ಕೂತ, ಗೇಣುದ್ದ ಬೇರು ಬಿಟ್ಟ ಒಂದು ಚಂದದ ಈರುಳ್ಳಿಯನ್ನು ಮಡಿಲಲ್ಲಿಟ್ಟುಕೊಂಡು ತಂದರು. ಹುಡುಗಿಯ ಅಪ್ಪ ಅದನ್ನು ನೋಡಿದ್ದೇ ಅತ್ತಿತ್ತ ಕಣ್ಣಾಡಿಸಿ, ಟವಲಿನ ಮರೆಯಲ್ಲಿ ಒಯ್ದು, ಬಾಗಿಲ ಹಿಂದೆ ಇಟ್ಟುಬಂದರು. ಬೇರು ಬಿಟ್ಟದ್ದು ತಮ್ಮ ಹೊಲದ್ದೆಂದು ಅಕ್ಕಪಕ್ಕದವರು ತಿಳಿದರೆ ಮಾನ ಉಳಿಯುತ್ತದೆಯೇ?

ಪಡಸಾಲೆಯಲ್ಲಿ ಅಕ್ಕಪಕ್ಕದ ಏಳೆಂಟು ಜನ ಆಗಲೇ ಕೂತಿದ್ದರು. ಮಗಳು ಪಾಠ ಒಪ್ಪಿಸುತ್ತಾಳಂತೆ ಎಂದು ಸುದ್ದಿಯಾಗಿತ್ತು. ಗೋಡೆಗೆ ಒರಗಿ ಅಜ್ಜಿ ಕೂತಿದ್ದರು, ಸೊಂಟದಲ್ಲಿ ಬೆರಳುದ್ದದ ಕೀಲಿ. ಅಜ್ಜಿಯ ಬೆನ್ನ ಹಿಂದೆಯೇ ಚೀಲದ ಕೋಣೆಯ ಬಾಗಿಲು. ಹೊಳಲ್ಕೆರೆಯಿಂದ ಬಂದ ಹುಡುಗನ ತಾಯಿ ಚಾಪೆಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. ಹುಡುಗಿಯ ತಾಯಿ ಅಡುಗೆಮನೆಯ ಬಾಗಿಲಲ್ಲಿ ಕಂಡು ಒಳಗೆ ಹೋದರು.

ಅಪ್ಪ ಟವಲು ಸರಿಮಾಡಿಕೊಂಡು, ಹೇಳವ್ವ ಎಂದರು. ಹುಡುಗಿ ಹಾಳೆಗಳನ್ನು ಹೊರಗೆ ತೆಗೆಯಲಿಲ್ಲ.

"ಅಪ್ಪ, ನಮ್ಮನೇಲಿ ಈರುಳ್ಳಿ ಚೀಲ ಯಾವಾಗ ಹೊರಗೆ ಬರ್ತಾವೆ?"

"ರಾಶಿ ಬಿದ್ದ ದಿನ."

"ಮುಂಚೇನೇ ತಂದು ಹಾಕಿದ್ರೆ?"

"ಇಲಿ ಕಡೀತಾವೆ. ಇಲ್ಲ, ಇಲ್ಲಿ ಕುಂತಿರೋರೇ ಒಯ್ತಾರೆ." ಕೂತವರಲ್ಲಿ ಇಬ್ಬರು ಬೇರೆ ಕಡೆ ನೋಡಿದರು.

"ತಡ ಮಾಡಿದ್ರೆ?"

"ಒಂದು ಮಳೆ ಬಿದ್ರೆ ರಾಶಿ ಕೊಳೀತೈತೆ."

ಇಷ್ಟೇ ತಾನು ಓದಿದ್ದು ಎಂದಳು ಹುಡುಗಿ. ಮೈಯೊಳಗಿನ ಒಂದೊಂದು ಕೋಶದಲ್ಲೂ ಒಂದು ದಾರವಿದೆ, ಕೋಶ ಎರಡಾಗುವ ಮುಂಚೆ ಆ ದಾರದ ಹೊಸ ರಾಶಿ ಬೀಳುತ್ತದೆ, ಅದನ್ನು ಕಟ್ಟಿಡುವ ಚೀಲಕ್ಕೆ ಹಿಸ್ಟೋನ್ ಎಂದು ಹೆಸರು, ಆ ಚೀಲ ರಾಶಿಯ ದಿನವೇ ಹೊರಗೆ ಬರಬೇಕು ಎಂದು ಬಿಡಿಸಿ ಹೇಳಿದಳು. ಅಪ್ಪ ತಲೆ ಮುಂದಕ್ಕೆ ಚಾಚಿದರು.

"ತಗೀರಿ ಚೀಲ ಅಂತ ಹೇಳೋರು ಯಾರು ಅಲ್ಲಿ?"

ಹುಡುಗಿ ತರಗತಿಯಲ್ಲಿ ಕೇಳಿದ್ದ ಪ್ರಶ್ನೆ. ಎಲ್ಲಿಂದ ಬಂತು ಎಂದು ಈಗ ನನಗೆ ತಿಳಿಯಿತು.

ಅಲ್ಲೂ ಒಬ್ಬ ಅಜ್ಜಿ ಇದ್ದಾಳೆ, ಹೆಸರು ಎನ್‌ಪ್ಯಾಟ್, ಎಲ್ಲ ಚೀಲದ ಕೀಲಿ ಅವಳ ಹತ್ತಿರ ಎಂದಳು. ನಮ್ಮ ಅಜ್ಜಿ ರಾಶಿ ಪೂಜೆಯ ದಿನ ಹಣೆಗೆ ವಿಭೂತಿ ಬೀಳುವವರೆಗೂ ಕೀಲಿ ಬಿಚ್ಚುವುದಿಲ್ಲ. ಆ ಅಜ್ಜಿಯೂ ಹಾಗೇ, ಫಾಸ್ಫೇಟಿನ ಗುರುತು ಬೀಳಬೇಕು. ವಿಭೂತಿ ಹಚ್ಚುವವರು ಯಾರು? ಅಪ್ಪ. ಅಪ್ಪನಿಗೆ ಅಲ್ಲಿ ಕೈನೇಸ್ ಎನ್ನುತ್ತಾರೆ.

ಅಪ್ಪ ಬೆನ್ನು ನೆಟ್ಟಗೆ ಮಾಡಿ ಸುತ್ತಲೂ ನೋಡಿದರು.

"ಆದ್ರೆ ಅಪ್ಪ, ಕೈನೇಸ್ ವರ್ಷವೆಲ್ಲ ಸುಮ್ನೆ ಕುಂತಿರ್ತೈತೆ. ತಾನಾಗಿ ಏನೂ ಮಾಡಲ್ಲ. ಹೊತ್ತು ಬಂದಾಗ ಸೈಕ್ಲಿನ್ ಬಂದು ಜೊತೇಲಿ ನಿಂತ್ಕಂಡ್ರೇನೇ ಅದಕ್ಕೆ ಕೈ ಬರೋದು. ಅಮ್ಮ ಹೊರಗೆ ಬಂದು 'ಇವತ್ತು ಆಗ್ಲಿ' ಅಂತಾಳಲ್ಲ, ಹಂಗೆ. ಹೇಳಿ ಮತ್ತೆ ಒಳಗೋಯ್ತಾಳೆ."

ಮೊದಲು ನಕ್ಕದ್ದು ಅಜ್ಜಿ. ಹಲ್ಲಿಲ್ಲದ ಬಾಯಿ ತೆರೆದು, ಕೀಲಿ ಕುಣಿಯುವಂತೆ ನಕ್ಕರು. ಆಮೇಲೆ ಪಡಸಾಲೆಯೇ ನಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ತಾಯಿ ಸೆರಗು ಬಾಯಿಗೊತ್ತಿಕೊಂಡಿದ್ದರು. ಮೂಲೆಯಲ್ಲಿದ್ದ ಒಬ್ಬರು ಮಾತ್ರ ನಗದೆ, ಗಂಭೀರವಾಗಿ, ಈ ಸೈಕ್ಲಿನ್ನು ಎಕರೆಗೆ ಎಷ್ಟು ಹೊಡೀಬೇಕು ಎಂದು ಕೇಳಿದರು. ಅಟೆಂಡರು ನನ್ನ ಕಡೆ ಒಮ್ಮೆ ನೋಡಿದರು. ನಾನು ಸೂರು ನೋಡಿದೆ.

ಅಪ್ಪ ನಗಲಿಲ್ಲ. ಶುರುವಾಗುವುದು ತಿಳಿಯಿತು, ನಿಲ್ಲುವುದು ಹೇಗೆ ಎಂದು ಕೇಳಿದರು. ರಾಶಿ ಖಾಲಿಯಾದ ಗಳಿಗೆಗೆ ಅಜ್ಜಿ 'ತಗೀರಿ ಚೀಲ' ಎಂದು ಕೂಗುವುದು ನಿಲ್ಲಿಸುತ್ತಾಳಲ್ಲ, ಹಾಗೆ ಎಂದಳು ಹುಡುಗಿ. ಕೋಶದಲ್ಲಿ ಬೇರೆ ಕೆಲಸದ ಅಪ್ಪಣೆಗಳಿಗೆಲ್ಲ ಉದ್ದನೆಯ ಬಾಲವಿರುತ್ತದೆ, ಪೆಟ್ಟಿಗೆಯಲ್ಲಿರುವ ಪಹಣಿಯ ಹಾಗೆ ಬಹಳ ಹೊತ್ತು ಬಾಳುತ್ತವೆ. ಚೀಲದ ಅಪ್ಪಣೆಗೆ ಆ ಬಾಲವಿಲ್ಲ, ಅಜ್ಜಿಯ ಕೂಗಿನಂತೆ, ಕೆಲಸ ಮುಗಿದ ಕೂಡಲೇ ಅಳಿಸಿಹೋಗುತ್ತದೆ. ತನ್ನ ಕೂಗು ಅಳಿಸಿಹೋಗುವಂಥದ್ದಲ್ಲ, ಊರಾಚೆಯ ಹಳ್ಳದವರೆಗೆ ಕೇಳುತ್ತದೆ ಎಂದು ಅಜ್ಜಿ ತಿದ್ದಿದರು.

"ಈರುಳ್ಳೀಲೂ ಹಿಂಗೇನಾ?" ಎಂದರು ಅಪ್ಪ.

 ಹೌದು ಎಂದುಬಿಟ್ಟಿದ್ದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗಿ ಹಾಗೆ ಹೇಳಲಿಲ್ಲ. ರಾಶಿಯ ದಿನವೇ ಚೀಲ ಎಂಬುದು ಈರುಳ್ಳಿಯಲ್ಲೂ ಅಷ್ಟೇ, ಆದರೆ ಅಲ್ಲಿ ಚೀಲದ ಅಪ್ಪಣೆಗೂ ಬಾಲವಿರುತ್ತದೆ, ಅಜ್ಜಿಯ ಜಾಗದಲ್ಲಿ ಅಲ್ಲಿ ಇನ್ಯಾರೋ ಇರಬೇಕು, ತನಗೆ ಗೊತ್ತಿಲ್ಲ, ಅದನ್ನು ತಿಳಿಯುವುದಕ್ಕೇ ಮುಂದೆ ಓದಬೇಕು ಎಂದಿದ್ದು ಎಂದಳು.

 ಎಲ್ಲರೂ ಅಪ್ಪನನ್ನು ನೋಡಿದರು. ಅವರು ಟವಲಿನಿಂದ ಕತ್ತು ಒರೆಸಿಕೊಂಡರು, ಕೆಮ್ಮಿದರು, ನನ್ನ ಕಡೆ ತಿರುಗಿದರು.

"ಮನೇಲಿ ಕೇಳಿ ಹೇಳ್ತೀನಿ," ಎಂದರು.

ತಾನು ಮನೆಯಲ್ಲೇ ಕೂತಿದ್ದೇನೆ ಎಂಬುದು ಅವರಿಗೆ ಹೊಳೆಯುವ ಮೊದಲೇ ಎಲ್ಲರಿಗೂ ಹೊಳೆದಿತ್ತು. ಈ ಸಲ ಯಾರೂ ನಗುವ ಧೈರ್ಯ ಮಾಡಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ತಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗಂಡನ ಪಕ್ಕದಲ್ಲಿ ನಿಂತರು. ಅಷ್ಟು ಹೊತ್ತಿಗೆ ಆಕೆ ಆಡಿದ ಮಾತು ಅದೊಂದೇ.

"ಇವತ್ತು ಆಗ್ಲಿ."

ಅಪ್ಪ ಎದ್ದರು. ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದರು. ಮೂರು ಬೆರಳಲ್ಲಿ ತೀಡಿ ಅಜ್ಜಿಯ ಹಣೆಗೆ ಅಡ್ಡಲಾಗಿ ಎಳೆದರು. ಎಳೆಯುವಾಗ ಅವರ ತುಟಿಯ ಕೊನೆಯಲ್ಲಿ ಒಂದು ನಗು ಬಂದು ಹೋಯಿತು. ಅಜ್ಜಿ ಗೋಡೆ ಹಿಡಿದು ಎದ್ದು, ಸೊಂಟದ ಕೀಲಿ ಬಿಚ್ಚಿ, ಬೀಗಕ್ಕೆ ಹಾಕಿ ತಿರುಗಿಸಿದರು. ತಾಯಿ ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಹುಡುಗಿ ಖಾಲಿ ಚೀಲಗಳನ್ನು ದಾಟಿ ಪೆಟ್ಟಿಗೆಯಿಂದ ಅಂಕಪಟ್ಟಿಗಳನ್ನು ತಂದು ನನ್ನ ಕೈಗಿಟ್ಟಳು. ಈರುಳ್ಳಿಯ ವಾಸನೆ ಹೊಡೆಯುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಅದರಿಂದಲೇ ಎಂದು ಅವಳೂ ಹೇಳಿದಳು, ನಾನೂ ಹೇಳಿದೆ.

ಆಗ ಎಲ್ಲರಿಗೂ ಹೊಳಲ್ಕೆರೆಯ ತಾಯಿಯ ನೆನಪಾಯಿತು. ಅವರು ಚಾಪೆಯಿಂದ ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು. ಹುಡುಗಿಯ ಅಪ್ಪ ಕೈ ಮುಗಿಯಲು ಹೋದರು. ಬಿಡ್ರಿ, ಬೀಗರಾಗದಿದ್ದರೆ ನೆಂಟಸ್ತನವೇನು ಹೋಗಲ್ಲ, ಹುಡುಗಿ ಓದಲಿ ಎಂದು ಅವರನ್ನು ಸಮಾಧಾನ ಮಾಡಿ, ಸೀದಾ ನನ್ನ ಮುಂದೆ ಬಂದು ನಿಂತರು.

"ಮೇಡಮ್ಮಾರೆ, ನನ್ ಮಗಾನೂ ನಿಮ್ಮತ್ರಾನೇ ಓದಿದ್ದು. ಅವ್ನೂ ಇದ್ನೇ ಬರ್ದಿದ್ದ. ಕಣಕ ಆಗೋ ಹೊತ್ತಿಗೆ ಹೂರಣ ಆಗ್ಬೇಕು ಅಂತ. ಆ ಪೇಪರ್ರು ನಾನಿನ್ನೂ ಮಡಿಕ್ಕಂಡಿದೀನಿ. ಒಂದ್ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಗೋಣಿಚೀಲ ಅಂದೋಳಿಗೆ ಎಂ.ಎಸ್ಸಿ., ಹೋಳಿಗೆ ಅಂದೋನಿಗೆ ಅರ್ಧ ಮಾರ್ಕಾ?"

ಹತ್ತು ಹನ್ನೆರಡು ವರ್ಷ ಪಾಠ ಮಾಡಿದವಳು ನಾನು, ಪಡಸಾಲೆಯ ತುಂಬ ಜನ ಕಾಯುತ್ತಿದ್ದರು. ನೆರವಿಗೆ ಬರುತ್ತಾರೇನೋ ಎಂದು ಅಟೆಂಡರ ಕಡೆ ನೋಡಿದೆ. ಅವರು ಸ್ವಲ್ಪ ಯೋಚಿಸಿ, ತಲೆ ಆಡಿಸಿ ಹೇಳಿದರು:

"ತುಪ್ಪ ಬೇರೆ ಹಾಕಿದ್ದ, ಮೇಡಂ."